ಸ್ಕ್ಯಾನರಿನ ಗಾಜು

"ಏನವಾ ನೀತಾ, ನಮ್ಮ ಸಮಾಜದ ಹುಡುಗರಿಗೆಲ್ಲಾ ದೃಷ್ಟಿಬೊಟ್ಟು ಇಟ್ಟುಬಿಟ್ಟೀಯಲ್ಲಾ!"

ಶಿವರುದ್ರಪ್ಪನವರು ಪ್ರೂಫಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಒಮ್ಮೆ ಹಣೆಗೇರಿಸಿ ಒಮ್ಮೆ ಮೂಗಿಗಿಳಿಸಿ ನೋಡುತ್ತಿದ್ದರು. ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು. ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದ ಮೇಲೆ ಅವರು ಪುಣೆಯ ತಮ್ಮ ಸಮಾಜಕ್ಕೆ ಕಾರ್ಯದರ್ಶಿಯಾಗಿದ್ದರು. ದೀಪಾವಳಿ ಮುಗಿದ ಕೂಡಲೇ ವಧು-ವರರ ಮೇಳಾವ ನಡೆಯುವುದಿತ್ತು. ಮದುವೆಗೆ ಬಂದ ಹುಡುಗ ಹುಡುಗಿಯರ ಫೋಟೋ, ಊರು, ಓದು, ನೌಕರಿ ಎಲ್ಲ ಸೇರಿಸಿ ಅದಕ್ಕೊಂದು ಪುಸ್ತಿಕೆ. ಅದರ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುವ ಕೆಲಸ ನೀತಾಳದು.

"ಯಾವ ಬೊಟ್ರಿ ಕಾಕಾ?" ನೀತಾ ಮೌಸ್ ಬಿಟ್ಟು ಎದ್ದಳು.

"ಯಾವ್ದು ಅಂತ ನನ್ನ ಕೇಳ್ತೀಯಲ್ಲ. ಬಾ ಇಲ್ಲೆ. ಈ ಮೆಕ್ಯಾನಿಕಲ್ ಇಂಜಿನಿಯರನ ಮೂಗಿನ ತುದಿ ನೋಡು. ಈ ಬ್ಯಾಂಕಿನವನ ಹಣಿ ನೋಡು. ಇವ ಡಾಕ್ಟರ, ಇವನ ಹುಬ್ಬಿನ ಮ್ಯಾಲ ಕೂತದ. ನಾಳೆ ಇವರವ್ವಾರೆಲ್ಲಾ ಬಂದು ನನ್ನ ಕೊಳ್ಳಪಟ್ಟಿ ಹಿಡೀತಾರ. ನಮ್ಮ ಹುಡುಗನ ಮಾರಿಗೆ ನೊಣ ಕುಂಡ್ರಿಸೀರಲ್ಲಾ ಅಂತಾರ."

ಹೇಳುತ್ತ ಹೇಳುತ್ತಲೇ ಒಂದೊಂದು ಬೊಟ್ಟಿನ ಸುತ್ತಲೂ ಕೆಂಪು ಸುತ್ತು ಹಾಕುತ್ತ ಹೋದರು. ಶಿವರುದ್ರಪ್ಪನವರಿಗೆ ಪ್ರೂಫಿನಲ್ಲಿ ತಪ್ಪು ಸಿಕ್ಕಿತೆಂದರೆ ಹಬ್ಬದೂಟ ಸಿಕ್ಕ ಹಾಗೆ. ಬಾಯಲ್ಲಿ ಗದರಿಕೆ, ಕಣ್ಣಲ್ಲಿ ಹಿಗ್ಗು. ನೀತಾ ಬಗ್ಗಿ ನೋಡಿದಳು. ಅವರು ಹೇಳಿದ್ದು ಸುಳ್ಳಲ್ಲ. ಮೊದಲಿನ ಪುಟಗಳು ಚೊಕ್ಕಟವಾಗಿದ್ದವು. ಆಮೇಲಿನ ಪುಟಗಳಲ್ಲಿ ಮಾತ್ರ ಪ್ರತಿ ಫೋಟೋದಲ್ಲಿಯೂ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಅದೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಮುಖ ಸ್ವಲ್ಪ ಮೇಲಿದ್ದವರಿಗೆ ಮೂಗಿಗೆ, ಕೆಳಗಿದ್ದವರಿಗೆ ಹಣೆಗೆ, ಬೋಳುತಲೆಯ ಒಬ್ಬ ವರನಿಗೆ ನೆತ್ತಿಗೆ. ಸಾಂಗಲಿಯ ಒಬ್ಬ ಹುಡುಗಿಗೆ ಮಾತ್ರ ಹುಬ್ಬುಗಳ ನಡುವೆ ಅಳತೆ ಮಾಡಿಟ್ಟಂತೆ ಬಿದ್ದು ಚೆಂದವೇ ಕಾಣುತ್ತಿತ್ತು.

"ಸ್ಕ್ರೀನಿನ್ಯಾಗ ಫೋಟೋ ಮಸಕ ಕಾಣ್ತಾವ್ರಿ ಕಾಕಾ, ಈ ಪೇಜ್‌ಮೇಕರ್ ಸಾಫ್ಟ್‌ವೇರಿಂದು ಹಂಗಽ. ಪ್ರಿಂಟ್ ತಗದಾಗಽ ಗೊತ್ತಾಗೂದು. ಸರಿ ಮಾಡಿಡ್ತೀನಿ."

"ಮಾಡು ಮಾಡು. ಸಂಜೀಕ ಬರ್ತೀನಿ. ನಾಳೆ ಮುಂಜಾನೆ ಪ್ರೆಸ್ಸಿಗೆ ಕೊಡೂದು, ಇನ್ನ ತಡ ಆಗೂ ಹಂಗಿಲ್ಲ." ಶಿವರುದ್ರಪ್ಪನವರು ಹಾಳೆಗಳನ್ನು ಮಡಚುತ್ತ ಕೊನೆಯ ಪುಟದಲ್ಲಿ ನಿಂತರು. ಆ ಪುಟದ ನೆತ್ತಿಯಲ್ಲಿ 'ಪುನರ್ವಿವಾಹ' ಎಂದಿತ್ತು. ನಾಲ್ಕು ಚೌಕಗಳಲ್ಲಿ ಮೂರಕ್ಕೆ ಫೋಟೋ ಇದ್ದವು, ನಾಲ್ಕನೆಯದು ಖಾಲಿ. "ಇದು?"

ನೀತಾ ಒಳಮನೆಯ ಪರದೆಯ ಕಡೆ ನೋಡಿದಳು. "ಒಂದು ಬರೂದದರಿ."

ಶಿವರುದ್ರಪ್ಪನವರೂ ಪರದೆಯ ಕಡೆ ನೋಡಿದರು. ಆ ಚೌಕ ಯಾರದೆಂದು ಅವರಿಗೂ ಗೊತ್ತಿತ್ತು. ಆದರೆ ಗೊತ್ತಿದ್ದುದನ್ನೆಲ್ಲ ಕೇಳುವ ಮನುಷ್ಯ ಅವರಲ್ಲ. "ಬಂದ್ರ ಹಾಕು. ಬರದಿದ್ರ ಅಲ್ಲೊಂದು ಬಿಲ್ವಪತ್ರಿ ಚಿತ್ರ ಹಾಕಿಬಿಡು" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಧನಕವಡಿಯ ಆ ಓಣಿಯಲ್ಲಿ ಮನೆಯ ಮುಂಗೋಣೆಯೇ ನೀತಾಳ ಅಂಗಡಿ. ಗಂಡ ಮಾಂತು ಕಂಪನಿಯ ಶಿಫ್ಟಿಗೆ ಹೋಗಿ ಬರುವವನು. ಹೆಂಡತಿ ಸದಾಶಿವ ಪೇಠೆಯ ಕ್ಲಾಸಿಗೆ ಹೋಗಿ ಡಿಟಿಪಿ ಕಲಿತು ಬಂದಾಗ ತನ್ನ ಬೈಕಿಗೆಂದು ಖಾಲಿ ಇಟ್ಟಿದ್ದ ಕೋಣೆಯನ್ನು ಬಿಟ್ಟುಕೊಟ್ಟಿದ್ದ. ಅಂದಿನಿಂದ ಬೈಕು ಬಿಸಿಲು ಮಳೆಯೆನ್ನದೆ ಹೊರಗೇ ನಿಲ್ಲುತ್ತಿತ್ತು. ಮರಾಠಿ ಲಗ್ನಪತ್ರಿಕೆ, ಕಾಲೇಜು ಹುಡುಗರ ಪ್ರಾಜೆಕ್ಟು, ವಿಸಿಟಿಂಗ್ ಕಾರ್ಡು, ಎದುರಿನ ಮೋಹನದಾಸರ ಉಡುಪಿ ಹೋಟೆಲಿನ ತಿಂಡಿಪಟ್ಟಿ, ಏನು ಬಂದರೂ ಮಾಡುತ್ತಿದ್ದಳು. ಆ ಭಾಗದಲ್ಲಿ ಕನ್ನಡ ಅಕ್ಷರದ ಫಾಂಟು ಇದ್ದದ್ದು ಅವಳೊಬ್ಬಳ ಹತ್ತಿರವೇ. ಹಾಗಾಗಿ ಕನ್ನಡದವರ ನಾಮಕರಣದಿಂದ ತಿಥಿಯವರೆಗಿನ ಕಾರ್ಡುಗಳೆಲ್ಲ ಅವಳ ಮೇಜಿನ ಮೇಲಿಂದಲೇ ಹೋಗುತ್ತಿದ್ದವು.

ಯಂತ್ರಗಳ ರಗಳೆ ದಿನಕ್ಕೊಂದು. ಇವತ್ತು ಅಕ್ಷರವಿದ್ದಲ್ಲಿ ಡಬ್ಬಿ ಬರುತ್ತಿದ್ದವು, ನಾಳೆ ಪುಟದ ಕೊನೆಯ ಸಾಲು ಎಲ್ಲೋ ಅಡಗಿ ಕೂಡುತ್ತಿತ್ತು, ನಾಡಿದ್ದು ಕಂಪ್ಯೂಟರೇ ಕಣ್ಣು ತೇಲಿಸಿ ನಿಂತುಬಿಡುತ್ತಿತ್ತು. ನೀತಾ ಸಿಟ್ಟಾಗುತ್ತಿರಲಿಲ್ಲ. ಫೈಲು ಭಾರವಾಯಿತೆಂದರೆ ಬೇರೆ ಹೆಸರಿನಲ್ಲಿ ಉಳಿಸಿ ಹಗುರ ಮಾಡುತ್ತಿದ್ದಳು. ಪ್ರಿಂಟು ಮಾಸಿತೆಂದರೆ ಟೋನರಿನ ಡಬ್ಬಿಯನ್ನು ತೆಗೆದು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತೂಗುತ್ತಿದ್ದಳು. "ಇವಕ್ಕ ಬೈದ್ರ ಕೇಳೂದಿಲ್ಲ, ರಂಬಿಸಬೇಕು" ಎನ್ನುವುದು ಅವಳ ಮಾತು. ಆ ಮಾತು ಮನೆಮಂದಿಗೂ ಸಲ್ಲುತ್ತದೆಂದು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮನೆಯಲ್ಲಿ ರಂಬಿಸಿಯೂ ಆಗದಿದ್ದ ಕೆಲಸ ಒಂದೇ. ಅದು ಆ ಖಾಲಿ ಚೌಕ.

ಅದು ಮಾಧುರಿಯದು. ಮಾಧುರಿ ಮಾಂತುವಿನ ತಂಗಿ. ಮದುವೆಯಾಗಿ ಎರಡನೆಯ ವರ್ಷವೇ ಅವಳ ಗಂಡ ಇಂದಾಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿದು ತೀರಿಹೋಗಿದ್ದ. ಅದಾಗಿ ನಾಲ್ಕು ವರ್ಷ. ಮಕ್ಕಳಿರಲಿಲ್ಲ. ಗಂಡನ ಊರಿನಲ್ಲಿ ನೆರೆದ ಹೆಂಗಸರು ಹುಡುಗಿಯ ಕುಂಕುಮ ಒರೆಸುವಾಗ ತಾಯಿ ಪಾರವ್ವ ಅಲ್ಲೇ ಕಂಬ ಹಿಡಿದು ನಿಂತಿದ್ದಳು. ಬೇಡವೆನ್ನಲು ಬಾಯಿ ಬರಲಿಲ್ಲ. ಅಲ್ಲಿಂದ ಮಗಳನ್ನು ಪುಣೆಗೆ ಕರೆತಂದಳು, ತಾನೂ ಬಂದಳು. ಮಾಧುರಿ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ನಗುವುದನ್ನು ಮರೆತವಳಲ್ಲ, ಅಣ್ಣನನ್ನು ಕಾಡಿಸುವಳು, ವೈನಿ ನೀತಾಳ ಜತೆ ಪೇಠೆ ಸುತ್ತುವಳು. ಆದರೆ ಕನ್ನಡಿಯ ಮುಂದೆ ನಿಲ್ಲುತ್ತಿರಲಿಲ್ಲ, ತಲೆ ಬಾಚುವುದೂ ಕಿಟಕಿಯ ಕಡೆ ಮುಖ ಮಾಡಿ.

ಪುಸ್ತಿಕೆಯ ಕೆಲಸ ಬಂದ ದಿನವೇ ನೀತಾ ಕೇಳಿದ್ದಳು. ಮಾಧುರಿ "ಅವ್ವ ಹೇಳಿದಂಗ" ಎಂದಳು. ಪಾರವ್ವನನ್ನು ಕೇಳಿದರೆ ಅವಳು ಹುಣಸೆಹಣ್ಣಿನ ಬೀಜ ತೆಗೆಯುತ್ತ, "ಅಕಿ ಬಾಯಿಂದ ಒಂದು ಮಾತು ಬರ್ಲಿ. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅಕಿಗೇ ಬ್ಯಾಡಾಗ್ಯದ. ಸುಮ್ನ ಅಕಿನ್ನ ನೂಕಬ್ಯಾಡ ನೀತಾ. ಒಮ್ಮೆ ಕೊಟ್ಟು ನೋಡೀನಿ" ಎಂದಳು. ಅವಳು ಬೇಕೆನ್ನಲಿ ಎಂದು ಇವಳು, ಇವಳು ಹೂಂ ಎನ್ನಲಿ ಎಂದು ಅವಳು. ನಡುವೆ ನೀತಾ ಒಂದು ಚೌಕ ಖಾಲಿ ಬಿಟ್ಟು ಕಾದಿದ್ದಳು. ಕಾಯುವುದಕ್ಕೂ ಇವತ್ತು ಸಂಜೆಯೇ ಕೊನೆ.

ಅದಿರಲಿ, ಮೊದಲು ಬೊಟ್ಟಿನ ಕೆಲಸ. ನೀತಾ ಸೆರಗು ಸಿಕ್ಕಿಸಿ ಕೂತಳು.

ಮೊದಲ ಅನುಮಾನ ಪ್ರಿಂಟರಿನ ಮೇಲೆ. ಅದರ ಡ್ರಮ್ಮಿಗೆ ಗೀರು ಬಿದ್ದರೆ ಹೀಗೆ ಚುಕ್ಕೆ ಬರುವುದುಂಟು. ಒಂದು ಮರಾಠಿ ಲಗ್ನಪತ್ರಿಕೆ ತೆಗೆದು ನೋಡಿದಳು, ಹಾಳೆ ಹಾಲಿನಷ್ಟು ಬಿಳಿ. ಪ್ರಿಂಟರಿನ ತಪ್ಪಲ್ಲ. ಇಂಜಿನಿಯರನ ಫೋಟೋವನ್ನು ಸ್ಕ್ರೀನಿನ ಮೇಲೆ ದೊಡ್ಡದು ಮಾಡಿದಳು. ಮೂಗು ಬದನೆಕಾಯಿಯಷ್ಟಾಯಿತು, ಅದರ ತುದಿಯಲ್ಲಿ ಬೊಟ್ಟೂ ದೊಡ್ಡದಾಯಿತು. ಅಂದರೆ ಚಿತ್ರದಲ್ಲೇ ಇದೆ. ಲಕೋಟೆಯಿಂದ ಅವನ ಅಸಲಿ ಫೋಟೋ ತೆಗೆದು ಕಣ್ಣಿಗೆ ಹಚ್ಚಿ ನೋಡಿದಳು. ಮೂಗು ಶುದ್ಧವಾಗಿತ್ತು.

ಉಳಿದದ್ದು ಸ್ಕ್ಯಾನರು. ಎಲ್ಲರ ಫೋಟೋವನ್ನೂ ಅವಳು ಗಾಜಿನ ಅದೇ ಬಲಮೂಲೆಗೆ ಒತ್ತಿ ಇಡುತ್ತಿದ್ದಳು. ಎಲ್ಲವೂ ಪಾಸ್‌ಪೋರ್ಟ್ ಅಳತೆಯವು, ಸೊಟ್ಟಗಾಗುವುದಿಲ್ಲ ಎಂದು. ಮುಚ್ಚಳ ಎತ್ತಿ ಹಳದಿ ಬಟ್ಟೆಯಿಂದ ಗಾಜು ಒರೆಸಿದಳು. ಬಾಯಿಯಾವಿ ಊದಿ ಮತ್ತೊಮ್ಮೆ ಒರೆಸಿದಳು. ಇಂಜಿನಿಯರನನ್ನು ತಲೆಕೆಳಗಾಗಿಸಿ ಮಲಗಿಸಿ ಬಟನ್ ಒತ್ತಿದಳು. ಬೆಳಕಿನ ಪಟ್ಟಿ ಗುಂಯ್ ಎನ್ನುತ್ತ ಹರಿದುಹೋಯಿತು. ಈ ಸಲ ಬೊಟ್ಟು ಮೂಗು ಬಿಟ್ಟು ಟೈಗೆ ಇಳಿದಿತ್ತು. ಫೋಟೋ ತಿರುಗಿದರೂ ಬೊಟ್ಟು ತಿರುಗಲಿಲ್ಲ. ಅದು ಇದ್ದಲ್ಲೇ ಇತ್ತು.

ಇನ್ನೊಂದು ಫೋಟೋ ಇಟ್ಟು ಖಾತ್ರಿ ಮಾಡಿಕೊಳ್ಳೋಣವೆಂದು ಮೇಜಿನ ಡ್ರಾಯರಿಗೆ ಕೈ ಹಾಕಿದಳು. ಕೈಗೆ ಬಂದದ್ದು ಮಾಧುರಿಯ ಫೋಟೋ. ಗ್ರಂಥಾಲಯದ ಗುರುತಿನ ಕಾರ್ಡಿಗೆ ತೆಗೆಸಿದ್ದು. ಹೂಂ ಅನ್ನುವ ಮೊದಲೇ ಬೇಡಿ ಇಟ್ಟುಕೊಂಡಿದ್ದಳು, ಸ್ಕ್ಯಾನ್ ಮಾಡಿರಲಿಲ್ಲ. ಇದೂ ಒಂದು ಪಾಸ್‌ಪೋರ್ಟ್ ಫೋಟೋ ತಾನೆ ಎಂದು ಮೂಲೆಗೆ ಒತ್ತಿ ಇಟ್ಟಳು.

ಚಿತ್ರ ಮೇಲಿನಿಂದ ಇಷ್ಟಿಷ್ಟೇ ಇಳಿದು ಬಂತು. ಕೂದಲು, ಬೈತಲೆ, ಹಣೆ. ಹಣೆಯ ನಟ್ಟನಡುವೆ, ಹುಬ್ಬುಗಳ ಸ್ವಲ್ಪ ಮೇಲೆ, ದುಂಡನೆಯ ಕಪ್ಪು ಬೊಟ್ಟು. ಆಮೇಲೆ ಆ ಶಾಂತವಾದ ಕಣ್ಣುಗಳು. ನೀತಾ ಮೌಸಿನಿಂದ ಕೈ ತೆಗೆದಳು. ಮದುವೆಯ ಹಂದರದಲ್ಲಿ ತಾನು ನೋಡಿದ್ದ ಹುಡುಗಿಯೇ ಎದುರಿಗೆ ಕೂತಂತಾಯಿತು. ತಪ್ಪು ಬೊಟ್ಟೆಂದು ಗೊತ್ತಿದ್ದೂ ಅದನ್ನು ಮುಚ್ಚಲು ಮನಸ್ಸು ಬರಲಿಲ್ಲ. ಎಷ್ಟು ಚೆಂದ ಇದ್ದಳು ಇವಳು ಎಂದುಕೊಳ್ಳುತ್ತ ನೋಡುತ್ತ ಕೂತಳು.

"ಇದೇನು?"

ಹಿಂದೆ ಪಾರವ್ವ ಚಹದ ಬಟ್ಟಲು ಹಿಡಿದು ನಿಂತಿದ್ದಳು. ನೀತಾ ತಿರುಗುವಷ್ಟರಲ್ಲಿ ಅವಳು ಸ್ಕ್ರೀನಿನ ಹತ್ತಿರ ಬಂದಾಗಿತ್ತು. ಬಟ್ಟಲು ಮೇಜಿನ ಮೇಲೆ ಕುಕ್ಕಿದಳು. ಚಹ ತುಳುಕಿ ಚೆಲ್ಲಿತು.

"ನೀನಽ ಇಟ್ಟೇನು ಇದನ್ನ?"

"ಇಲ್ರಿ ಅತ್ತಿ, ಇದು..."

"ನೂಕಬ್ಯಾಡ ಅಂತ ಹೇಳಿದ್ನಿಲ್ಲ? ಕಂಪ್ಯೂಟರಿನ್ಯಾಗ ಕುಂಕುಮ ಇಟ್ರ ಹಣಿಗೆ ಬರ್ತದೇನ? ಅಕಿ ನೋಡಿದ್ರ ಏನಾದೀತು? ಯಾಕ ಅಳಸ್ತೀ ಆ ಹುಡುಗಿನ್ನ?" ಪಾರವ್ವನ ಬೈಗುಳವೂ ಪೂರ್ತಿಯಾಗಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡು ಸ್ಕ್ರೀನಿನ ಕಡೆ ಬೆನ್ನು ಮಾಡಿ ನಿಂತಳು.

ಅತ್ತೆ ಸೊಸೆಯರಲ್ಲಿ ಅಷ್ಟು ವರ್ಷಗಳಲ್ಲಿ ಜಗಳವೆಂಬುದು ಆಗಿರಲಿಲ್ಲ. ಈಗ ಆಗುವುದೂ ನೀತಾಳಿಗೆ ಬೇಕಿರಲಿಲ್ಲ. "ಅತ್ತಿ, ನಾ ಇಟ್ಟಿದ್ದಲ್ರಿ. ನಿಮ್ಮಾಣಿ. ಈ ಮಶೀನಿನ್ಯಾಗ ಏನೋ ಹೊಕ್ಕದ. ಈ ಇಂಜಿನಿಯರನ ಮೂಗಿಗೂ ಅದಽ ಬಂದದ. ಇವನಿಗ ನಾ ಯಾಕ ಕುಂಕುಮ ಇಡ್ಲಿ? ತಡೀರಿ, ತೋರಸ್ತೀನಿ" ಎಂದು ಮಾಂತುವಿನ ಸ್ಕ್ರೂಡ್ರೈವರ್ ಹುಡುಕತೊಡಗಿದಳು.

ಸ್ಕ್ಯಾನರನ್ನು ಅವಳು ಎಂದೂ ಬಿಚ್ಚಿದವಳಲ್ಲ. ಹಿಂದುಗಡೆ ಅಂಟಿಸಿದ್ದ ಚೀಟಿ ಹರಿದರೆ ಗ್ಯಾರಂಟಿ ಹೋಯಿತೆಂದು ಅಂಗಡಿಯವನು ಹೇಳಿದ್ದ. ಹೋದರೆ ಹೋಗಲಿ ಎಂದು ಉಗುರಿನಿಂದ ಪರ್ರೆಂದು ಹರಿದಳು. ಸ್ಕ್ರೂ ಬಿಚ್ಚಿ ಕರ್ಚೀಫಿನ ಮೇಲೆ ಸಾಲಾಗಿ ಇಟ್ಟಳು. ಪಾರವ್ವ ಬೆನ್ನು ಮಾಡಿಯೇ ನಿಂತಿದ್ದರೂ ಆಗಾಗ ಓರೆಗಣ್ಣಿನಿಂದ ನೋಡುತ್ತಿದ್ದಳು. ಅಷ್ಟರಲ್ಲಿ ಭಾನುವಾರದ ಸಂತೆಗೆ ಹೋಗಿದ್ದ ಮಾಧುರಿ ಕಾಯಿಪಲ್ಲೆಯ ಚೀಲ ಹೊತ್ತು ಬಾಗಿಲಲ್ಲಿ ಕಂಡಳು. ಮೆಂತೆ ಸೊಪ್ಪಿನ ಎಲೆಗಳು ಚೀಲದ ಹೊರಗೆ ತೂಗುತ್ತಿದ್ದವು.

"ಏನ್ ನಡಶೀರಿ? ಪೋಸ್ಟ್‌ಮಾರ್ಟಂ ಏನು?" ಎಂದಳು ನಗುತ್ತ. ಯಾರೂ ನಗಲಿಲ್ಲ. ಸ್ಕ್ರೀನಿನ ಮೇಲಿದ್ದ ತನ್ನ ಮುಖ ಕಂಡದ್ದೇ ಅವಳ ನಗುವೂ ನಿಂತಿತು.

ನೀತಾ ಗಾಜಿನ ಚೌಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಗಾಜಿನ ಕೆಳಮೈಯಲ್ಲಿ, ಬಲಮೂಲೆಯ ಹತ್ತಿರ, ಕೆಂಪು ಪುಡಿಯ ಒಂದು ಕಾಳು ಅಂಟಿಕೊಂಡಿತ್ತು. ಅಂಚಿನ ಸಂದಿಯಲ್ಲಿಯೂ ಅದೇ ಕೆಂಪು ಎಳೆಯಾಗಿ ಕೂತಿತ್ತು. ಮೇಲೆ ಬಿದ್ದದ್ದನ್ನು ತಾನೇ ದಿನಾ ಬೆಳಗ್ಗೆ ನೋಡದೆ ಒರೆಸಿ ಒರೆಸಿ ಸಂದಿಯಿಂದ ಒಳಗೆ ಇಳಿಸಿದ್ದಳೆಂದು ಅವಳಿಗೆ ಆಗ ತಿಳಿಯಿತು. ಬೆರಳಿನಿಂದ ಸಂದಿಯನ್ನು ಮುಟ್ಟಿ ಮೂಸಿದಳು.

"ಕುಂಕುಮ ಅದರಿ ಅತ್ತಿ. ಖರೇನಽ ಕುಂಕುಮ. ಕಪ್ಪು-ಬಿಳಿ ಸ್ಕ್ಯಾನಿನ್ಯಾಗ ಕಪ್ಪ ಕಾಣಾಕತ್ತಿತ್ತು."

ಪಾರವ್ವ ತಿರುಗಿದಳು. "ಖಂಡೇನವಮಿದೇನು?"

ಅದೇ ಇರಬೇಕಿತ್ತು. ಖಂಡೇನವಮಿಯ ದಿನ ಮನೆಯಲ್ಲಿ ಯಂತ್ರಗಳಿಗೆಲ್ಲ ಪೂಜೆ. ಹುಕುಂ ಪಾರವ್ವನದು, ಕೈ ನೀತಾಳದು. ಪಾರವ್ವನ ಗಂಡ ಎಂದೋ ತೀರಿಹೋಗಿದ್ದ. ವಿಭೂತಿ ಅವಳು ಹಚ್ಚಿದರೆ ಕುಂಕುಮ ಮುತ್ತೈದೆ ಸೊಸೆ ಹಚ್ಚಬೇಕು. ಕಂಪ್ಯೂಟರಿಗೆ, ಪ್ರಿಂಟರಿಗೆ, ಮಾಂತುವಿನ ಬೈಕಿಗೆ, ಮಿಕ್ಸಿಗೆ, ಮೌಸಿಗೆ ಸಹ ಚೆಂಡುಹೂ ಏರಿದ್ದವು. ಆ ದಿನ ಪೂಜೆಗೆ ಕೂತ ಯಂತ್ರವನ್ನು ಮುಟ್ಟುವಂತಿಲ್ಲ. ಕುಂಕುಮದ ತಾಟನ್ನು ಅವುಗಳ ಮುಂದೆಯೇ ಇಟ್ಟು ಅಂಗಡಿಯ ಬಾಗಿಲು ಮುಂದೆ ಮಾಡಿದ್ದರು. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿದ ಫೋಟೋಗಳೇ ಪುಸ್ತಿಕೆಯ ಮೊದಲ ಪುಟಗಳು. ಬೊಟ್ಟಿಲ್ಲದವು.

"ಆದ್ರ ಅವತ್ತ ನಾ ಮುಚ್ಚಳದ ಮ್ಯಾಲ ಹಚ್ಚಿದ್ದೆ ಅತ್ತಿ. ಮುಚ್ಚಿದ ಮುಚ್ಚಳದ ಮ್ಯಾಲ. ನೀವಽ ನಿಂತು ನೋಡೀರಿ. ಗಾಜಿನ ಮ್ಯಾಲ ಹೆಂಗ ಬಿತ್ತು?"

"ಮುಚ್ಚಳ ಯಾರು ತಗೀತಾರ? ಅವತ್ತ ಮುಟ್ಟಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿದ್ದೆ. ಮಾಂತೂ ಇರ್ಲಿಲ್ಲ. ನೀ ತವರಮನಿಗೆ ಬನ್ನಿ ಕೊಡಾಕ ತಯಾರಿ ನಡಿಸಿದ್ದಿ..." ಪಾರವ್ವ ಲೆಕ್ಕ ಹಾಕುತ್ತ ಹಾಕುತ್ತ ನಿಂತುಬಿಟ್ಟಳು.

ಕಾಯಿಪಲ್ಲೆಯ ಚೀಲ ನೆಲಕ್ಕಿಟ್ಟ ಸದ್ದಾಯಿತು.

"ನಾ ತಗದಿದ್ದೆ" ಎಂದಳು ಮಾಧುರಿ.

"ಯಾಕ?" ಎಂದಳು ನೀತಾ. ಕೇಳಿದ ಮೇಲೆ ಕೇಳಬಾರದಿತ್ತೇನೋ ಅನಿಸಿತು.

ಮಾಧುರಿ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ನೀತಾಳ ಕೈಯಲ್ಲಿದ್ದ ಗಾಜಿನ ಕಡೆ ಬೆರಳು ಮಾಡಿದಳು. "ಕನ್ನಡಿ ಒಳಗಿನ ಕೋಣ್ಯಾಗ ಇತ್ತು ವೈನಿ. ಅವ್ವ ಅಲ್ಲೇ ಮಲಗಿದ್ಲು. ಇಲ್ಲಿ ತಾಟು ಇತ್ತು. ಈ ಗಾಜಿನ್ಯಾಗ ಮಾರಿ ಕಾಣ್ತದ, ಒಳಗ ಕತ್ತಲಿ ಅದಲ್ಲ, ಛಲೋ ಕಾಣ್ತದ. ಬಗ್ಗಿ ಹಚ್ಚಿಕೊಂಡು ನೋಡಿದೆ. ಅಷ್ಟ."

ಎದುರಿನ ಹೋಟೆಲಿನಲ್ಲಿ ಯಾರೋ ಮರಾಠಿಯಲ್ಲಿ ಎರಡು ಚಹಕ್ಕೆ ಕೂಗಿ ಹೇಳಿದರು. ಮೇಜಿನ ಮೇಲೆ ಚೆಲ್ಲಿದ್ದ ಚಹ ಅಂಚಿಗೆ ಬಂದು ತೊಟ್ಟಿಕ್ಕುತ್ತಿತ್ತು. ಪಾರವ್ವ ನೀತಾಳ ಕುರ್ಚಿಯ ಮೇಲೆ ಕೂತುಬಿಟ್ಟಳು. ಆ ಕುರ್ಚಿಯ ಮೇಲೆ ಅವಳು ಎಂದೂ ಕೂತವಳಲ್ಲ. ಅದು ಸೊಸೆಯ ಕೆಲಸದ ಜಾಗ.

"ಎಷ್ಟೊತ್ತು ಇಟ್ಕೊಂಡಿದ್ದಿ?" ಎಂದು ಕೇಳಿದಳು.

"ಜರಾ ಹೊತ್ತು. ಹೊರಗ ಯಾರೋ ಬಂದಂಗಾತು. ಒರಸಿಕೊಂಡೆ."

"ನನಗೊಂದು ಮಾತು ಹೇಳಬಾರದಾಗಿತ್ತೇನ?"

"ಹೆಂಗ ಹೇಳ್ಲೆವ್ವಾ?" ಮಾಧುರಿಯ ದನಿ ಏರಲಿಲ್ಲ, ಆದರೆ ಇಷ್ಟು ವರ್ಷ ತಡೆದದ್ದೆಲ್ಲ ಅದರಲ್ಲಿತ್ತು. "ನೀ ನನ್ನ ಮಾರಿ ನೋಡಿ ಮಾತಾಡೂದಽ ಬಿಟ್ಟೀದಿ. ಅವತ್ತಿಂದ ನನ್ನ ಹೆಗಲಿಗೆ ಮಾತಾಡ್ತೀ, ನನ್ನ ಕೈಗೆ ಮಾತಾಡ್ತೀ. ಹಣಿ ನೋಡೂದಿಲ್ಲ. ನನಗ ಬೇಕು ಅಂತ ಯಾರಿಗ ಹೇಳ್ಲಿ?"

ನಿಜವಾಗಿತ್ತು. ನೀತಾ ದಿನಾ ನೋಡುತ್ತಿದ್ದಳು, ಅದಕ್ಕೆ ಹೆಸರು ಸಿಕ್ಕಿರಲಿಲ್ಲ. ಪಾರವ್ವ ಈಗ ತಲೆ ಎತ್ತಿದಳು. ಮೊದಲು ಕಣ್ಣು ಹೋದದ್ದು ಸ್ಕ್ರೀನಿನ ಮೇಲಿನ ಮುಖಕ್ಕೆ, ಆಮೇಲೆ ಬಾಗಿಲಲ್ಲಿ ನಿಂತ ಮುಖಕ್ಕೆ. ಬಿಸಿಲಿನಲ್ಲಿ ನಡೆದು ಬಂದ ಮಗಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಪಾರವ್ವ ಅದನ್ನೇ ನೋಡಿದಳು, ಕಣ್ಣು ತೆಗೆಯದೆ ನೋಡಿದಳು.

ಏನಾದರೂ ಮಾಡದೆ ನಿಲ್ಲಲಾಗದೆ ನೀತಾ ಹಳದಿ ಬಟ್ಟೆಯನ್ನು ಅತ್ತೆಯ ಕಡೆ ಚಾಚಿದಳು. "ಗಾಜು ನಾ ಹಿಡೀತೀನಿ. ಇದರಿಂದ ಆ ಕುಂಕುಮ ಒಂದಿಷ್ಟು ಒರಸ್ರಿ ಅತ್ತಿ. ಸೆರಗಿಂದ ಬ್ಯಾಡ, ಗೆರಿ ಬೀಳ್ತಾವ."

ಪಾರವ್ವ ಬಟ್ಟೆಯನ್ನು ಹಿಡಿದಳು, ಗಾಜಿನವರೆಗೂ ಕೈ ಒಯ್ದಳು. ಅಲ್ಲಿಗೆ ಕೈ ನಿಂತಿತು. ಬಟ್ಟೆಯನ್ನು ವಾಪಸು ಕೊಟ್ಟಳು.

"ನೀನಽ ಒರಸು ಯವ್ವಾ. ನನ್ನ ಕೈಲೆ ಆಗೂದಿಲ್ಲ. ಒಮ್ಮೆ ಒರಸೂದು ನೋಡ್ಕೋತ ನಿಂತಿದ್ದೆ."

ಆಗ ಮಾಧುರಿ ಅತ್ತಳು. ನಾಲ್ಕು ವರ್ಷ ತಾಯಿಯ ಮುಂದೆ ಅಳದಿದ್ದವಳು ಬಾಗಿಲ ಚೌಕಟ್ಟಿಗೆ ಹಣೆ ಒತ್ತಿ ಅತ್ತಳು. ಪಾರವ್ವ ಎದ್ದು ಹೋಗಿ ಅವಳ ಭುಜ ಹಿಡಿದು ತಿರುಗಿಸಿದಳು. ಸೆರಗಿನ ತುದಿಯಿಂದ ಮಗಳ ಕಣ್ಣು, ಕೆನ್ನೆ, ಹಣೆಯ ಬೆವರು ಎಲ್ಲ ಒರೆಸಿದಳು. ಬೆವರನ್ನಷ್ಟೇ ಒರೆಸುತ್ತಿದ್ದೇನೆ ಎನ್ನುವ ಹಾಗೆ ಬಹಳ ಮೆಲ್ಲಗೆ.

"ಹೋಗು, ಮಾರಿ ತೊಳಕೋ" ಎಂದಳು. "ಕನ್ನಡಿ ಮುಂದ ನಿಂತು ಇಟ್ಕೋ. ಈ ಗಾಜಿನ ಮ್ಯಾಲ ಯಾಕ ಬಗ್ಗತೀ? ನಡಾ ನೋಯ್ತದ. ಆಮ್ಯಾಲ ಹುಸೇನಪ್ಪನ ಸ್ಟುಡಿಯೋಕ್ಕ ಹೋಗಿ ಬ್ಯಾರೇ ಫೋಟೋ ತಗಸ್ಕೊಂಡ ಬಾ. ಈ ಕಾಲೇಜಿನ ಫೋಟೋ ಛಲೋ ಇಲ್ಲ. ಮಾಸ್ತರಣಿ ಬೈದಂಗ ಕಾಣ್ತೀ."

ಮಾಧುರಿ ಅಳುತ್ತಲೇ ನಕ್ಕಳು. "ಹಸರ ಸೀರಿ ಉಡ್ಲೇನು, ನೀಲಿದು?"

"ಹಸರ ಉಡು. ನೀತಾಂದು ಜರಿ ಅಂಚಿಂದು ಅದಲ್ಲ, ಅದು." ಸೊಸೆಯ ಸೀರೆಯನ್ನು ಸೊಸೆಯನ್ನು ಕೇಳದೆ ಕೊಟ್ಟುಬಿಟ್ಟ ಪಾರವ್ವ ಕಾಯಿಪಲ್ಲೆಯ ಚೀಲ ಎತ್ತಿಕೊಂಡು ಮಗಳ ಹಿಂದೆ ಒಳಗೆ ಹೋದಳು.

ನೀತಾ ಗಾಜನ್ನು ತಾನೇ ಒರೆಸಿದಳು. ಒರೆಸುವ ಮುನ್ನ ಒಂದು ಗಳಿಗೆ ಅದರಲ್ಲಿ ತನ್ನ ಮುಖವನ್ನೂ ನೋಡಿಕೊಂಡಳು. ಕಣ್ಣು ಕೆಂಪಾಗಿದ್ದವು. ಸ್ಕ್ರೂಗಳನ್ನು ಒಂದೊಂದಾಗಿ ಹಾಕಿದಳು. ಒಂದು ಉಳಿಯಿತು. ಎಲ್ಲಿಯದೆಂದು ತಿಳಿಯದೆ ಡ್ರಾಯರಿನಲ್ಲಿ ಇಟ್ಟಳು. ಆಮೇಲೆ ಬೊಟ್ಟು ಬಿದ್ದ ಎಲ್ಲರನ್ನೂ ಮತ್ತೆ ಸಾಲಾಗಿ ಕರೆದು ಗಾಜಿನ ಮೇಲೆ ಮಲಗಿಸಿದಳು. ಇಂಜಿನಿಯರನ ಮೂಗು, ಡಾಕ್ಟರನ ಹುಬ್ಬು, ಬೋಳುತಲೆಯವನ ನೆತ್ತಿ ಎಲ್ಲ ಶುದ್ಧವಾದವು. ಸಾಂ‍ಗಲಿಯ ಹುಡುಗಿಯ ಹಣೆಯಲ್ಲಿ ಅವಳದೇ ಸಣ್ಣ ಟಿಕಳಿ ಉಳಿಯಿತು. ಸ್ಕ್ಯಾನರು ಏನೂ ಆಗಿಲ್ಲವೆಂಬಂತೆ ಗುಂಯ್ ಗುಂಯ್ ಎಂದು ಓಡಾಡಿತು.

ಹುಸೇನಪ್ಪನ ಸ್ಟುಡಿಯೋದಲ್ಲಿ ಕೂತಲ್ಲೇ ಕೈಗೆ ಫೋಟೋ ಕೊಡುವ ಹೊಸ ಕ್ಯಾಮೆರಾ ಬಂದಿತ್ತು. ಮಾಧುರಿ ಬೇಗನೇ ಬಂದಳು. ಫೋಟೋ ಇನ್ನೂ ಹಸಿಯೆಂಬಂತೆ ಅಂಚು ಹಿಡಿದು ತಂದು ವೈನಿಯ ಮೇಜಿನ ಮೇಲಿಟ್ಟು ನಿಲ್ಲದೆ ಒಳಗೆ ಓಡಿದಳು. ನೀತಾ ಅದನ್ನು ಮೂಲೆಗೆ ಒತ್ತಿ ಇಟ್ಟಳು. ಚಿತ್ರ ಇಳಿದು ಬಂದಾಗ ಪುಸ್ತಿಕೆಯ ಕೊನೆಯ ಚೌಕಕ್ಕೆ ಎಳೆದು ಕೂರಿಸಿದಳು. ಹೆಸರು, ಓದು, ನೌಕರಿ ಬರೆದಳು. ಅಪೇಕ್ಷೆ ಎಂಬಲ್ಲಿ ಏನು ಬರೆಯಲಿ ಎಂದು ಕೂಗಿ ಕೇಳಿದಳು. ಒಳಗಿನಿಂದ ತಾಯಿ ಮಗಳಿಬ್ಬರೂ ಒಟ್ಟಿಗೇ ಏನೋ ಹೇಳಿದರು. ಒಬ್ಬರ ಮಾತೂ ಕೇಳಿಸಲಿಲ್ಲ.

ಸಂಜೆ ಶಿವರುದ್ರಪ್ಪನವರು ಬಂದಾಗ ಹೊಸ ಪ್ರೂಫು ಬಿಸಿಬಿಸಿಯಾಗಿ ಕಾದಿತ್ತು. ಪಾರವ್ವ ಚಹ ತಂದು ಕೊಟ್ಟು, ಎಂದಿನ ಹಾಗೆ ಒಳಗೆ ಹೋಗದೆ ಪರದೆಯ ಹತ್ತಿರ ನಿಂತಳು. ಶಿವರುದ್ರಪ್ಪನವರು ಕೆಂಪು ಪೆನ್ನಿನ ಟೋಪಿ ತೆಗೆದು ಒಂದೊಂದೇ ಪುಟ ತಿರುವಿದರು. ಇಂಜಿನಿಯರನ ಮೂಗಿಗೆ ಉಗುರು ತಾಗಿಸಿ ನೋಡಿದರು. "ಹಾಂ. ಈಗ ಮನಷ್ಯಾರಂಗ ಕಾಣ್ತಾವ. ಏನಾಗಿತ್ತು?"

"ಗಾಜಿನ್ಯಾಗ ಕಸ ಹೊಕ್ಕಿತ್ರಿ" ಎಂದಳು ನೀತಾ.

ತಪ್ಪು ಸಿಗದೆ ಅವರ ಮುಖ ಸ್ವಲ್ಪ ಬಾಡಿತ್ತು. ಕೊನೆಯ ಪುಟಕ್ಕೆ ಬಂದರು. ನಾಲ್ಕನೆಯ ಚೌಕ ತುಂಬಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿದರು, ಮೂಗಿಗಿಳಿಸಿದರು. ತಮ್ಮ ಊರಿನ ಕಡೆಯ ಹುಡುಗಿ, ಅವರು ಅವಳನ್ನು ಚಿಕ್ಕಂದಿನಿಂದ ಬಲ್ಲರು. ಈ ನಾಲ್ಕು ವರ್ಷದಲ್ಲಿ ಆ ಹಣೆಯನ್ನು ಖಾಲಿಯಾಗಿಯೇ ನೋಡಿದ್ದರು. ಪೆನ್ನು ತಾನಾಗಿ ಹಾಳೆಗೆ ಇಳಿಯಿತು.

"ಒಂದು ಉಳದದಲ್ಲವಾ ನೀತಾ. ಇಲ್ಲಿ ನೋಡು, ಇಕಿ ಹಣಿ ಮ್ಯಾಲ..."

"ಅದು ಇರ್ಲಿ ಬಿಡ್ರಿ" ಎಂದಳು ಪಾರವ್ವ ಪರದೆಯ ಹತ್ತಿರದಿಂದ. "ಅದು ಮಶೀನಿನ ಬೊಟ್ಟಲ್ರಿ. ನಮ್ಮ ಹುಡುಗೀದು."

ಶಿವರುದ್ರಪ್ಪನವರು ಪಾರವ್ವನನ್ನು ನೋಡಿದರು, ಮತ್ತೆ ಫೋಟೋವನ್ನು ನೋಡಿದರು. ಸುತ್ತು ಹಾಕಲು ಹಾಳೆಗೆ ತಾಗಿಸಿದ್ದ ಪೆನ್ನನ್ನು ಮೆಲ್ಲಗೆ ಎತ್ತಿ, ಟೋಪಿ ಹಾಕಿ, ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡರು.